ಕುರ್ಚಿಮಾವ ಕುರ್ಚಿ ಕೊಡದ ದಿನ

ನಮ್ಮ ಬೀದಿಯಲ್ಲಿ ಕುರ್ಚಿ ಬಾಡಿಗೆಗೆ ಕೊಡುವವನೊಬ್ಬನಿದ್ದಾನೆ. ಚಿಕ್ಕವರಿಗೂ ದೊಡ್ಡವರಿಗೂ ಅವನು ಕುರ್ಚಿಮಾವ. ಸ್ವಂತ ಸೋದರಮಾವನನ್ನು ಮರೆತವರಿರಬಹುದು, ಇವನನ್ನು ಮರೆತವರಿಲ್ಲ. ಮದುವೆಯಾಗಲಿ ಸಾವಾಗಲಿ, ಬಂದವರು ಕೂರಬೇಕಲ್ಲ. ಜನಕ್ಕೆ ಪ್ಲಾಸ್ಟಿಕ್ಕಿನದು, ಕರೆದವರಿಗೆ ಮೆತ್ತೆಯದು, ವೇದಿಕೆಗೆ ಎತ್ತರದ ಬೆನ್ನಿನ ಕೆಂಪು ಕುರ್ಚಿ. ಆ ಕೆಂಪು ಕುರ್ಚಿಯಲ್ಲಿ ಊರಿನ ನಾಯಕರು ಎಷ್ಟು ಸಲ ಕೂತೆದ್ದಿದ್ದರೆಂದರೆ ಅದರ ಕೈಗಳೆರಡೂ ಸಡಿಲವಾಗಿದ್ದವು. ನಾಯಕರ ಮಂಡಿ ಹೋಗಿ ಕಾಲವಾಗಿತ್ತು. ಕೈ ಊರದೆ ಏಳಲಾರರು. ಆ ಸಡಿಲ ಕೈಗಳ ಮೇಲೇ ಮಾವನ ಸಂಸಾರ ಭದ್ರವಾಗಿ ನಿಂತಿತ್ತು. ನಾಯಕರ ಸಭೆ ಎಂದರೆ ಗೋದಾಮು ಪೂರ್ತಿ ಖಾಲಿ.

ಹೀಗಿರುವಾಗ ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿತ್ತು. ಒಳಗಿದ್ದವರು ಹೊಗೆಯಲ್ಲಿ ತಡಕಾಡುತ್ತ ಹಿಂಬಾಗಿಲಿಗೆ ಓಡಿದರು. ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಸತ್ತವರಲ್ಲಿ ಕುರ್ಚಿಮಾವನ ಅಕ್ಕನ ಗಂಡನೂ ಒಬ್ಬ, ಹಾಸಿಗೆಯ ಅಂಚು ಹೊಲಿಯುತ್ತಿದ್ದವನು.

ಮೊದಲು ನಾಯಕರು ಆಸ್ಪತ್ರೆಗೆ ಬಂದರು. ಮಾವನೇ ಕಳಿಸಿದ್ದ ಮೆತ್ತೆಯ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಂಡರು. ಆ ಚಿತ್ರ ಊರೆಲ್ಲ ಹರಿದಾಡಿತು. ಹೆಣದ ಮುಂದೆಯೂ ಇವರಿಗೆ ಮೆತ್ತೆ ಬೇಕಿತ್ತೇ ಎಂದು ಚಹಾದಂಗಡಿ ಕೇಳಿತು. ಪಕ್ಕದೂರಿನ ನಾಯಕರು ಇಂಥದೇ ಹೊತ್ತಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಾಗ ನಾಟಕ ಅಂದದ್ದೂ ಇದೇ ಚಹಾದಂಗಡಿ. ಒಟ್ಟಿನಲ್ಲಿ ಕಣ್ಣೀರು ಕಣ್ಣಂಚಿಗೆ ಬರಬೇಕು, ಕೆನ್ನೆಗೆ ಇಳಿಯಬಾರದು. ದನಿ ನಡುಗಬೇಕು, ಒಡೆಯಬಾರದು. ಸಕ್ಕರೆ ಪಾಕಕ್ಕೂ ಇಷ್ಟು ಹದ ಬೇಕಿಲ್ಲ. ಇಷ್ಟೆಲ್ಲ ಚರ್ಚೆಯ ನಡುವೆ ಬೀಗದ ಮಾತಿಗೆ ಯಾರಿಗೂ ಪುರುಸೊತ್ತಾಗಲಿಲ್ಲ.

ಆ ಮಾತು ಹಿಡಿದು ಕೂತವಳು ಮಾವನ ಅಕ್ಕ ಒಬ್ಬಳೇ. ಮನೆಗೆ ಬಂದವರನ್ನೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ: ಆ ಬೀಗ ಹಾಕಿಸಿದ್ದು ಯಾರು?

ನಾಯಕರ ಆಪ್ತ ಸಹಾಯಕ ಗೋದಾಮಿಗೆ ಬಂದ. ಸಾಹೇಬರು ನಿನ್ನ ಅಕ್ಕನ ಮನೆಗೇ ಬರುತ್ತಾರೆ, ನೆಲದ ಮೇಲೇ ಕೂರುತ್ತಾರೆ, ಮನೆಯಲ್ಲಿ ಒಂದು ಕುರ್ಚಿಯೂ ಕಣ್ಣಿಗೆ ಬೀಳಕೂಡದು ಎಂದ. ಅಂಗರಕ್ಷಕರೂ ಹೊರಗೇ, ಒಳಗೆ ಮನೆಯವರು ಮತ್ತು ಕ್ಯಾಮೆರಾ, ಅಷ್ಟೇ. ಅಕ್ಕ ಪ್ರಶ್ನೆಗಿಶ್ನೆ ಕೇಳದ ಹಾಗೆ ನೋಡಿಕೊಂಡರೆ ಮುಂದಿನ ಸಭೆಗಳ ಕುರ್ಚಿಯೆಲ್ಲ ನಿನ್ನವೇ, ಇಲ್ಲವಾದರೆ ನೀನೇ ಯೋಚನೆ ಮಾಡು ಎಂದೂ ಸೇರಿಸಿದ. ಮಾವ ಮೆಲ್ಲಗೆ ಮಂಡಿಯ ವಿಷಯ ಎತ್ತಿದ.

"ಜನ ನೆಲ ಕೇಳ್ತಿದಾರೆ ಕಣಯ್ಯ, ಮಂಡಿ ಕೇಳ್ತಿಲ್ಲ" ಎಂದು ಸಹಾಯಕ ಹೊರಟುಹೋದ.

ಮಾವ ಅಕ್ಕನ ಮನೆಗೆ ಹೋಗಿ ಅಡುಗೆಮನೆಯ ಸ್ಟೂಲನ್ನೂ ಬಿಡದೆ ಮಂಚದಡಿಗೆ ತಳ್ಳಿದ. ಆಮೇಲೆ ತಲೆ ಕೆರೆದುಕೊಳ್ಳುತ್ತ, ಬರುವವರು ದೊಡ್ಡವರು, ಸುಮ್ಮನೆ ಸ್ವಲ್ಪ ಅತ್ತುಬಿಡು, ಕೇಳೋದು ಆಮೇಲೆ ನೋಡೋಣ ಎಂದ.

"ಅಳೋದು ನಂದು ಮುಗೀತು. ಇನ್ನು ಅವರು ಅಳಲಿ, ನಾನು ಕೇಳ್ತೀನಿ" ಎಂದಳು ಅಕ್ಕ. "ನೀನು ತಮ್ಮನಾಗಿ ಬಂದಿದೀಯೋ, ಇಲ್ಲಾ ಬಾಡಿಗೆಗೆ ಬಂದಿದೀಯೋ?"

ಮಾವ ಹೋಗಿ ಮಂಚದ ಪಕ್ಕದ ಗೋಡೆಗೊರಗಿ ನಿಂತ.

ನಾಯಕರು ಬಂದರು, ಕೂತರು. ಕೂರುವುದೇನು ಸುಲಭ, ಅರ್ಧ ಬಗ್ಗಿದರೆ ಉಳಿದರ್ಧವನ್ನು ನೆಲವೇ ಎಳೆದುಕೊಳ್ಳುತ್ತದೆ. ಕೈಯಲ್ಲಿ ಗಡಿಯಾರ ಇರಲಿಲ್ಲ. ತಲೆ ತಗ್ಗಿಸಿದರು. ಕಣ್ಣೀರು ಕಣ್ಣಂಚಿಗೆ ಬಂದು, ಹೇಳಿಕೊಟ್ಟ ಹಾಗೆ ಅಲ್ಲೇ ನಿಂತಿತು. ಅಕ್ಕ ಬೀಗದ ಮಾತು ಕೇಳಿದಳು. "ಅಯ್ಯೋ ತಾಯಿ" ಎಂದು ನಾಯಕರು ಅವಳ ಕೈ ತಟ್ಟಿದರು. ಮತ್ತೆ ಕೇಳಿದಳು. ಮತ್ತೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಸಹಾಯಕ, ಸಾಕು ಏಳಿ ಎಂದು ಸನ್ನೆ ಮಾಡಿ, ಕಾರು ತರಿಸಲು ಓಡಿದ.

ಏಳಬೇಕಲ್ಲ. ಒಂದು ಕೈ ಊರಿದರು, ಎರಡೂ ಊರಿದರು. ಮಂಡಿ ಜಪ್ಪಯ್ಯ ಅನ್ನಲಿಲ್ಲ. ಬೇರೆ ದಾರಿ ಕಾಣದೆ ಅಕ್ಕನ ಕಡೆಗೇ ಕೈ ಚಾಚಿದರು. ಅಕ್ಕ ಎದ್ದು ನಿಂತು, ಎರಡೂ ಕೈಯಿಂದ ಹಿಡಿದೆಳೆದಳು. ಅರ್ಧಕ್ಕೆ ತಂದು ನಿಲ್ಲಿಸಿದಳು.

"ಬೀಗ ಯಾರು ಹಾಕಿಸಿದ್ದು ಸಾರ್?"

ಕೂತೂ ಇಲ್ಲ, ನಿಂತೂ ಇಲ್ಲ, ನಾಯಕರು ನಡುವೆ ತೂಗಾಡಿದರು. ಕಣ್ಣೀರು ಯಾರ ಅಪ್ಪಣೆಯೂ ಇಲ್ಲದೆ ಕೆನ್ನೆಗಿಳಿಯಿತು. ಗೋಡೆಗೊರಗಿದ್ದ ಮಾವನನ್ನು ನೋಡಿ, "ಏ, ಒಂದು ಕುರ್ಚಿ ತಾರಯ್ಯ" ಎಂದರು.

ಸ್ಟೂಲು ಮಾವನ ಕಾಲ ಬಳಿಯೇ ಇತ್ತು. ಹುಟ್ಟಿದಾರಭ್ಯ ಒಬ್ಬರಿಗೂ ಇಲ್ಲ ಅನ್ನದವನು, ತನಗರಿವಿಲ್ಲದೆ ಮಂಚದಡಿಗೆ ಬಗ್ಗಿದ. ಬಗ್ಗಿದವನ ಕಣ್ಣಿಗೆ ಅಕ್ಕನ ಮುಖ ಬಿತ್ತು. ಹಾಗೇ ನೆಟ್ಟಗಾದ.

"ಕುರ್ಚಿ ಬೇಡ ಅಂತ ತಮ್ಮ ಕಡೆಯವರೇ ಹೇಳಿದ್ರು ಸಾರ್. ಜನಕ್ಕೆ ನೆಲವೇ ಬೇಕಂತೆ."

ಅಕ್ಕನ ಹಿಡಿತ ಕೊಂಚ ಜಾರಿತು. ನಾಯಕರು ಒಂದೇ ಉಸಿರಿಗೆ ಹೇಳಿಬಿಟ್ಟರು: "ಮಾಲೀಕನೇ ಹಾಕಿಸಿದ್ದಮ್ಮ, ಹತ್ತಿ ಕದೀತಾರೆ ಅಂತ. ತೆಗೆಸಿ ಅಂತ ಕೆಲಸದವರು ನನ್ನ ಹತ್ರ ಬಂದಿದ್ರು. ಅವನು ನಮ್ಮವನಲ್ವಾ, ಸುಮ್ಮನಾದೆ. ಎತ್ತಮ್ಮ."

ಅಕ್ಕ ಎತ್ತಿದಳು.

ಮರುದಿನ ಪತ್ರಿಕೆಯಲ್ಲಿ ಆ ಚಿತ್ರ ಬಂತು, ನೊಂದ ಹೆಂಗಸಿನ ಕೈಹಿಡಿದು ಮೇಲೆತ್ತಿದ ನಾಯಕರು ಎಂಬ ಸಾಲಿನೊಂದಿಗೆ. ಟಿವಿಯವರು ಮಾತು ತೆಗೆದು ಪಿಟೀಲು ಹಾಕಿದ್ದರು. ಕಣ್ಣೀರು ಕೆನ್ನೆಗಿಳಿದದ್ದು ಸ್ವಲ್ಪ ಹೆಚ್ಚಾಯಿತು, ಆದರೂ ಮನುಷ್ಯನಿಗೆ ಕರುಳಿದೆ ಎಂದು ಚಹಾದಂಗಡಿ ತೀರ್ಪು ಕೊಟ್ಟಿತು.

ಅಕ್ಕ ಪೊಲೀಸ್ ಠಾಣೆಗೆ ಹೋದಳು. ಟಿವಿಯಲ್ಲಿ ಬರೀ ಪಿಟೀಲಿದೆಯಲ್ಲಮ್ಮ, ಅವರು ಹಾಗಂದದ್ದನ್ನು ಕೇಳಿದವರು ಯಾರಿದ್ದಾರೆ ಎಂದರು ಅಲ್ಲಿನವರು. ನಾನಿದ್ದೇನೆ ಎಂದ ಜೊತೆಗೆ ಹೋಗಿದ್ದ ಮಾವ. ಅವತ್ತಿನಿಂದ ನಾಯಕರ ಸಭೆಗೆ ಬೇರೆ ಊರಿನ ಕುರ್ಚಿಗಳು ಬರತೊಡಗಿದವು. ಠಾಣೆಯವರು ಮಾತ್ರ, ದೂರು ಬರೆದುಕೊಳ್ಳುವವರಿಲ್ಲ ನಾಳೆ ಬನ್ನಿ ಎಂದರು. ನಾಳೆ ಹೋದರೆ ಮತ್ತೆ ನಾಳೆ ಎಂದರು.

ಗೋದಾಮಿನಲ್ಲಿ ಕುರ್ಚಿಗಳು ಹೇಗೂ ಸುಮ್ಮನೆ ಬಿದ್ದಿದ್ದವು. ಮಾವ ಒಂದು ಬೆಳಿಗ್ಗೆ ಅವನ್ನು ಗಾಡಿಗೆ ಹೇರಿ ತಂದು ಠಾಣೆಯ ಮುಂದೆ ಸಾಲಾಗಿ ಹಾಕಿದ. ಮನೆಯವರನ್ನು ಕಳೆದುಕೊಂಡವರೆಲ್ಲ ಒಬ್ಬೊಬ್ಬರಾಗಿ ಬಂದು ಕೂತರು. ಅಕ್ಕ ಮುಂದಿನ ಸಾಲಿನಲ್ಲಿ ಕೂತಳು.

ಬಾಗಿಲು ಕಾಯುತ್ತಿದ್ದ ಪೊಲೀಸಿನವನು ಹೊರಗೆ ಬಂದು, ಇದೆಂಥ ಸಭೆ ಮಾವ, ಎಷ್ಟು ಹೊತ್ತು ಎಂದು ಕೇಳಿದ.

"ಬಾಡಿಗೆ ಆಗಿದ್ರೆ ಹೊತ್ತು ಹೇಳ್ತಿದ್ದೆ" ಎಂದ ಮಾವ, ಅವನಿಗೂ ಒಂದು ಕುರ್ಚಿ ಹಾಕುತ್ತ.