ಬ್ಯಾಡಗಿ ಕೂತ ಜಾಗ

ನಮ್ಮ ಎದುರು ಮನೆಯ ಶಿವಬಸವ್ವನವರು ಮದುವೆಯಾಗಿ ಪುಣೆಗೆ ಬಂದವರು. ಈಗ ಅವರ ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಇಷ್ಟು ವರ್ಷಗಳಲ್ಲಿ ಅವರು ಒಂದು ಮರಾಠಿ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಬರುವುದಿಲ್ಲ ಎಂದಲ್ಲ. ಮರಾಠಿ ಧಾರಾವಾಹಿ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ, ಕೆಳಗಿನ ಮನೆಯಲ್ಲಿ ಅತ್ತೆ ಸೊಸೆಗೆ ಏನೆಂದು ಬೈದಳು ಎಂಬುದನ್ನು ನನಗೆ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಬಾಯಿ ಬಿಟ್ಟರೆ ಮಾತ್ರ ಕನ್ನಡ. ಗ್ಯಾಸಿನವನಿಗೂ ಕನ್ನಡ, ಡಾಕ್ಟರಿಗೂ ಕನ್ನಡ.

"ಅವರಿಗೆ ತಿಳೀತದ ಬಿಡು, ಪ್ರಫುಲ್ಲಾ. ತಿಳೀಲಿಲ್ಲಂದ್ರ ಕಲೀತಾರ," ಎನ್ನುತ್ತಾರೆ.

ಕಲಿತೂ ಬಿಟ್ಟಿದ್ದಾರೆ ಮಾರಾಯ್ರೆ. ಬಿಬ್ವೇವಾಡಿಯ ನಮ್ಮ ಫ್ಲ್ಯಾಟುಗಳ ಸೊಸೈಟಿಗೆ ಬರುವ ಸೊಪ್ಪಿನವಳು ಈಗ ಗೇಟಿನಲ್ಲೇ "ಮೆಂತೇಪಲ್ಯ ಛಲೋ ಅದ ರೀ" ಎಂದು ಕೂಗುತ್ತಾಳೆ. ನಾನು ಕಾರ್ಕಳದವಳು, ನನ್ನ ಗಂಡ ಮೋಹನದಾಸ್ ಸ್ವಾರಗೇಟ್ ಹತ್ತಿರ ಹೋಟೆಲು ನಡೆಸುತ್ತಾರೆ. ನನ್ನ ಕನ್ನಡವನ್ನೂ ಶಿವಬಸವ್ವನವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. "ನೀ ಮಾತಾಡಿದ್ರ ಸಾಲಿ ಪುಸ್ತಕ ಓದಿದಂಗ ಕೇಳ್ತದ" ಎಂದು ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆದರೆ ಸಂಜೆಯಾದರೆ ಅವರ ಮನೆಯ ಬಾಗಿಲು ತಟ್ಟದೆ ನನಗೆ ಇರಲಿಕ್ಕೂ ಆಗುವುದಿಲ್ಲ.

ಆ ಬಾಗಿಲು ತೆರೆದ ಕೂಡಲೇ ನನಗೆ ಸೀನು. ಅವರ ಯಜಮಾನರು ನಿಜಲಿಂಗಪ್ಪನವರದು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಅಂಗಿ, ಟೊಪ್ಪಿ, ಚಪ್ಪಲಿ, ಕಡೆಗೆ ಮನೆಯ ಪರದೆಗೂ ಮೆಣಸಿನ ಘಾಟು ಹತ್ತಿದೆ. ಬಂದವರು ಕೆಮ್ಮುತ್ತ ಒಳಗೆ ಬಂದರೆ ಗಂಡಹೆಂಡತಿ ಇಬ್ಬರೂ ಪಾಪ ಎಂದು ನೋಡುತ್ತಾರೆ. "ಪುಣೇದ ಹವಾನ ಕೆಟ್ಟದ, ಎಲ್ಲಾರಿಗೂ ನೆಗಡಿ" ಎಂದು ನೀರು ಕೊಡುತ್ತಾರೆ. ಘಾಟಿನಲ್ಲೇ ಬಾಳ್ವೆ ಮಾಡಿದವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ನಾಯಿ ಬಂದದ್ದೂ ಮಾರ್ಕೆಟ್ ಯಾರ್ಡಿನಿಂದಲೇ. ಒಂದು ಮಳೆಗಾಲದ ದಿನ ನಿಜಲಿಂಗಪ್ಪನವರು ಖಾಲಿ ಮೆಣಸಿನಚೀಲದಲ್ಲಿ ಒಂದು ಹೆಣ್ಣುಮರಿಯನ್ನು ಹೊತ್ತು ತಂದರು. ಮೈಯೆಲ್ಲ ಕೆಂಪು, ಮುಖದ ತುಂಬ ನೆರಿಗೆ. ಶಿವಬಸವ್ವನವರು ಚೀಲದೊಳಗೆ ಇಣುಕಿ, "ಅಯ್ಯ, ಥೇಟ್ ಬ್ಯಾಡಗಿ ಮೆಣಸಿನಕಾಯಿ" ಎಂದರು. ಅದೇ ಹೆಸರಾಯಿತು. ಹೆಸರಿಗೆ ತಕ್ಕ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಕಚ್ಚುವುದಿರಲಿ, ಬೆಕ್ಕು ಬಂದರೆ ಎದ್ದು ಜಾಗ ಬಿಡುತ್ತಿತ್ತು.

ಬ್ಯಾಡಗಿಗೂ ಕನ್ನಡದಲ್ಲೇ ಪಾಠ. ಬಾ, ಹೋಗು, ಸುಮ್ನಿರು, ಬ್ಯಾಡ, ಎಲ್ಲವನ್ನೂ ಕಲಿಯಿತು. ಸೊಸೈಟಿಯ ಮಕ್ಕಳೂ ಅದರ ಜೊತೆ ಕಲಿತವು. ಒಂದು ಪಾಠ ಮಾತ್ರ ನಾಯಿಯ ತಲೆಗೆ ಹತ್ತಲೇ ಇಲ್ಲ. ಕೂತುಕೋ ಎಂಬುದಕ್ಕೆ ಶಿವಬಸವ್ವನವರ ಮಾತು "ಕುಂದ್ರು". ಬಾಲ್ಕನಿಯಿಂದ, ಮೆಟ್ಟಿಲಿನಿಂದ, ಅಂಗಳದಿಂದ ದಿನಕ್ಕೆ ಎಷ್ಟು ಸಲ "ಬ್ಯಾಡಗಿ, ಕುಂದ್ರು" ಎಂದು ಕೂಗುತ್ತಿದ್ದರೋ. ಬೆಲ್ಲ ತೋರಿಸಿದರು, ರೊಟ್ಟಿ ತೋರಿಸಿದರು, ಬೆನ್ನು ಅದುಮಿದರು. ಅದು ನಿಂತೇ ಬಾಲ ಅಲ್ಲಾಡಿಸುತ್ತಿತ್ತು. "ಹಟಮಾರಿ. ನನ್ನ ಮುಂದ ಸಾಯೋತನಕ ಕುಂದ್ರಂಗಿಲ್ಲ ಇದು," ಎಂದು ನನ್ನ ಹತ್ತಿರ ದೂರು.

ಇನ್ನೊಬ್ಬ ಹಟಮಾರಿ ಎಂದರೆ ನಮ್ಮ ಸೊಸೈಟಿಯ ಚೇರ್ಮನ್ ಮಾರ್ತಾಂಡರಾಯರು. ಬ್ಯಾಂಕಿನಿಂದ ನಿವೃತ್ತರು, ಎರಡನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಅಂಗಳದ ಮೂಲೆಯ ಗುಲಾಬಿ ಮಡಿಯೆಂದರೆ ಅವರ ಜೀವ. ಬ್ಯಾಡಗಿಗೆ ಮಧ್ಯಾಹ್ನದ ನಿದ್ದೆಗೆ ಇಡೀ ಅಂಗಳದಲ್ಲಿ ಆ ಮಡಿಯ ಪಕ್ಕದ ತಂಪು ನೆಲವೇ ಬೇಕು. "ವಹಿನಿ, ಕುತ್ರಂ ಬಾಗೇತ ನಕೊ," ನಾಯಿ ತೋಟದಲ್ಲಿ ಬೇಡ ಅತ್ತಿಗೆ ಎಂದು ಅವರು ಮರಾಠಿಯಲ್ಲಿ ಕೂಗುವುದು. "ನಿಮ್ಮ ಗುಲಾಬಿ ಏನ್ ತಿಂತದೇನ್ರಿ ಅದು?" ಎಂದು ಇವರು ಕನ್ನಡದಲ್ಲಿ ಬಾಲ್ಕನಿಯಿಂದ ಕೂಗುವುದು. ಮರಿ ಮುದಿಯಾಗುವವರೆಗೂ ಈ ಜಗಳ ಎರಡು ಭಾಷೆಗಳಲ್ಲಿ ನಡೆಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು.

ಕಳೆದ ಮಾಘದ ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹಿಟ್ಟು ಕೊಡಲೆಂದು ಎದುರು ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನೋಡುತ್ತೇನೆ, ಗೋಡೆಗೆ ಒರಗಿ ಬ್ಯಾಡಗಿ ಕೂತಿದೆ. ಕಾಲು ಮಡಚಿ, ತಲೆ ತುಸು ಬಾಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಮಠದ ಸ್ವಾಮಿಗಳ ಹಾಗೆ ಗಂಭೀರವಾಗಿ ಕೂತಿದೆ.

ನಾನು ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ಕುಣಿದೆ. "ಅವ್ವಾರೆ, ಬೇಗ ಬನ್ನಿ, ಇದು ಕಡೆಗೂ ಕೂತುಬಿಟ್ಟಿದೆ!"

ಶಿವಬಸವ್ವನವರು ಅಡುಗೆಮನೆಯಿಂದ ಬಂದು ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡರು. "ಕುಂತಿಲ್ಲ, ಪ್ರಫುಲ್ಲಾ. ನಾನಽ ಕುಂದ್ರಸೀನಿ. ನಸುಕಿನ್ಯಾಗ ಹೋತು," ಎಂದರು.

ನನ್ನ ಮುಖ ಎಲ್ಲಿಡಲಿ? ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ನಾಯಿಗೂ ಹಾಗೆ ಮಾಡಿಯಾರು ಎಂದು ಯಾರಿಗೆ ಹೊಳೆಯುತ್ತದೆ? ನಾನು ಅಳಲು ಶುರುಮಾಡಿದೆ, ಅವರು ನನ್ನ ಬೆನ್ನು ಸವರಿದರು. "ವಯಸ್ಸಾಗಿತ್ತು. ರಾತ್ರಿ ಹಾಲುರೊಟ್ಟಿ ತಿಂದು ಮಲಗಿತ್ತು. ಛಲೋ ಸಾವು," ಎಂದರು.

ಆಮೇಲೆ ಪ್ರಶ್ನೆ ಬಂತು. ಮಣ್ಣು ಮಾಡುವುದು ಎಲ್ಲಿ? ನಾಲ್ಕನೇ ಮಹಡಿಯ ಮನೆಯಲ್ಲಿ ಮಣ್ಣೆಂದರೆ ತುಳಸಿ ಕುಂಡದಲ್ಲಿ ಇರುವಷ್ಟು.

ಭೋಸರಿಯ ಕಾರ್ಖಾನೆಯಲ್ಲಿರುವ ಅವರ ಮಗ ರೋಹಿತ ಫೋನಿನಲ್ಲಿ ಸಮಾಧಾನ ಹೇಳಿದ. "ಅವ್ವಾ, ಈಗ ಪ್ರಾಣಿಗಳಿಗೂ ಕರೆಂಟಿನ ಭಟ್ಟಿ ಅದ. ಫೋನ್ ಮಾಡಿದ್ರ ಗಾಡಿ ಬಂದು ಒಯ್ತದ."

"ಭಟ್ಟಿಗೆ ಹಾಕಲಿಕ್ಕೆ ಅದೇನ ಇಟ್ಟಂಗಿ ಅಂತ ತಿಳಿದೀಯೇನು? ನಾವು ಮಣ್ಣು ಮಾಡೋ ಮಂದಿ," ಎಂದು ಅವರು ಫೋನ್ ಇಟ್ಟರು.

ನಿಜಲಿಂಗಪ್ಪನವರು ಮೆಲ್ಲಗೆ ಪುಣೆಯಾಚೆ ತಳೇಗಾಂವ ದಾಭಾಡೆಯಲ್ಲಿರುವ ತಮ್ಮ ಪ್ಲಾಟಿನ ಮಾತೆತ್ತಿದರು. ಸ್ವಂತ ಜಾಗ, ಯಾರೂ ಕೇಳುವುದಿಲ್ಲ ಎಂದರು.

"ಅಲ್ಲಿ ಅದಕ್ಕ ಯಾರ ಗುರ್ತು ಅದ? ಸುತ್ತ ಬರೇ ಸಿಮೆಂಟು, ಕಬ್ಬಿಣ. ದಿನಾ ಮಂದಿ ನಡುವ ಇದ್ದ ಜೀವ ಅದು," ಎಂದರು ಶಿವಬಸವ್ವ. "ಮತ್ತ ನನ್ನ ಮೊಣಕಾಲು ತಗೊಂಡು ನಾ ಅಲ್ಲಿಗೆ ಹ್ಯಾಂಗ ಹೋಗ್ಲಿ?"

ಅಷ್ಟರಲ್ಲಿ ಬಂದ ನನ್ನ ಯಜಮಾನರು ಸುಮ್ಮನಿರಬಾರದೇ? "ನಮ್ಮ ಊರಿನಲ್ಲಾದರೆ ತೆಂಗಿನಮರದ ಬುಡಕ್ಕೆ ಹಾಕುವುದು. ಮರಕ್ಕೂ ಒಳ್ಳೆಯದು," ಎಂದರು. ನಾನು ಅವರ ಕೈ ಚಿವುಟಿದೆ.

"ಇಲ್ಲಿ ತೆಂಗು ನಿಮ್ಮ ಹೋಟೆಲಿನ ಚಟ್ನಿಯೊಳಗಷ್ಟ ಅದ ರೀ," ಎಂದರು ಶಿವಬಸವ್ವ. ಆ ಬೆಳಿಗ್ಗೆ ಮೊದಲ ಸಲ ಎಲ್ಲರೂ ನಕ್ಕೆವು.

ನಕ್ಕ ಮೇಲೆ ಅವರು ಬಾಲ್ಕನಿಗೆ ಹೋಗಿ ನಿಂತರು, ನಾನೂ ಹೋದೆ. ಕೆಳಗೆ ಗುಲಾಬಿ ಮಡಿ, ಅದರ ಪಕ್ಕ ಬ್ಯಾಡಗಿಯ ಮೈ ಉಜ್ಜಿ ಉಜ್ಜಿ ಹುಲ್ಲು ಹೋಗಿ ಬೋಳಾದ ನೆಲ. "ದಿನಾ ಇಲ್ಲಿಂದ ಬಗ್ಗಿ ನೋಡ್ತಿದ್ದೆ, ಅದು ಅಲ್ಲಿರ್ತಿತ್ತು. ಇನ್ನ ಮ್ಯಾಲೂ ಅಲ್ಲೇ ಇರಬೇಕು. ನನಗ ಬ್ಯಾರೆ ಏನೂ ಬ್ಯಾಡ," ಎಂದರು. ಕಣ್ಣೀರು ಬಂದದ್ದು ಆಗ.

ಆದರೆ ಅದು ಮಾರ್ತಾಂಡರಾಯರ ಮಡಿ. ಬದುಕಿದ್ದಾಗಲೇ ಬಿಡದವರು ಈಗ ಬಿಡುತ್ತಾರೆಯೇ? ಕೇಳಲೇಬೇಕು ಎಂದೆ. "ಬರೇ ಕೈಲೆ ಹೋಗಿ ಕೇಳಿದ್ರ ಇಲ್ಲ ಅಂತಾರ. ಅದರ ಮುಖ ನೋಡಿ ಇಲ್ಲ ಅನ್ನಲಿ, ನೋಡೋಣು," ಎಂದು ಶಿವಬಸವ್ವ ಸೆರಗು ಸಿಕ್ಕಿಸಿದರು. ನಾಯಿ ಮನೆಗೆ ಬಂದದ್ದು ಮೆಣಸಿನಚೀಲದಲ್ಲಿ, ಹೋಗುವುದೂ ಅದರಲ್ಲೇ ಎಂದು ಗಂಡನಿಗೆ ಹೇಳಿದರು. ನಿಜಲಿಂಗಪ್ಪನವರು ಮೊನ್ನೆ ಮೊನ್ನೆ ಖಾಲಿಯಾದ, ಅವರ ಪ್ರಕಾರ ಸ್ವಚ್ಛವಾದ ಒಂದು ಗೋಣಿಚೀಲ ತಂದರು. ಬ್ಯಾಡಗಿಯನ್ನು ಕೂತ ಹಾಗೆಯೇ ಅದರೊಳಗೆ ಇಳಿಸಿ, ಮುಖ ಮಾತ್ರ ಹೊರಗೆ ಕಾಣುವಂತೆ ಅಂಚು ಮಡಚಿದರು.

ನಾವು ನಾಲ್ವರು ಮತ್ತು ಚೀಲ ಲಿಫ್ಟಿಗೆ ಹೊಕ್ಕೆವು. ಬಾಗಿಲು ಮುಚ್ಚಿದ್ದೇ ಘಾಟು ಎದ್ದಿತು. ನನ್ನ ಯಜಮಾನರು ಕರವಸ್ತ್ರಕ್ಕೆ ಮುಖ ಹುದುಗಿಸಿದರು, ನಾನು ಉಸಿರು ಬಿಗಿಹಿಡಿದೆ. ಗಂಡಹೆಂಡತಿ ಇಬ್ಬರೂ ತಣ್ಣಗೆ ನಿಂತಿದ್ದರು. ಎರಡನೇ ಮಹಡಿಯಲ್ಲಿ ಇಳಿದು ಮಾರ್ತಾಂಡರಾಯರ ಬಾಗಿಲು ತಟ್ಟುವುದೆಂದು ಮಾಡಿಕೊಂಡಿದ್ದೆವು. ಲಿಫ್ಟಿನ ಬಾಗಿಲು ತೆರೆದರೆ ಅವರೇ ಎದುರಿಗೆ! ಕೆಳಗೆ ಹೋಗಲು ಲಿಫ್ಟಿಗೆ ಕಾದಿದ್ದವರು, ನಾವು ಇಳಿಯುವ ಮೊದಲೇ ಒಳಗೆ ಬಂದರು. ಚೀಲ ನೋಡಿದರು. ಚೀಲದ ಮೇಲಿನ ಮುಖ ನೋಡಿದರು. "ಅರೇ" ಎಂದು ಬಗ್ಗಿ ಹತ್ತಿರದಿಂದ ನೋಡಿದರು.

ಅಲ್ಲಿಂದ ನೆಲಮಹಡಿಯ ತನಕ ಅವರ ಅವಸ್ಥೆ ಕೇಳಬೇಡಿ. ಸೀನಿನ ಮೇಲೆ ಸೀನು, ಕಣ್ಣಿನಿಂದ ಧಾರೆ, ಬಾಯಿಂದ ಮಾತಿಲ್ಲ. ಲಿಫ್ಟಿನಿಂದ ಹೊರಬಿದ್ದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಹಿಂದಿನಿಂದ ನನ್ನ ಗಂಡ, ಅವರಿಗೂ ಅದೇ ಗತಿ. ಭಾನುವಾರವಾದ್ದರಿಂದ ಅಂಗಳದ ತುಂಬ ಜನ. ಕಲ್ಲಿನಂಥ ಚೇರ್ಮನ್ ನಾಯಿಗಾಗಿ ಹೀಗೆ ಗೋಳಾಡುವುದನ್ನು ಕಂಡು ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಮಾರ್ತಾಂಡರಾಯರು ಒಂದು ಕೈ ಚಾಚಿ ಗುಲಾಬಿ ಮಡಿಯ ಹತ್ತಿರದ ನಲ್ಲಿಯ ಕಡೆ ತೋರಿಸುತ್ತ ಓಡಿದರು. ಅವರಿಗೆ ಬೇಕಿದ್ದದ್ದು ನೀರು. ಮಾಲಿ ದತ್ತು ಅದನ್ನು ಅಪ್ಪಣೆ ಎಂದುಕೊಂಡ. ಗುದ್ದಲಿ ತಂದು ಮಡಿಯ ಪಕ್ಕದ ಬೋಳು ನೆಲವನ್ನು ಅಗೆಯತೊಡಗಿದ.

ಮುಖ ತೊಳೆದುಕೊಂಡು ಚೇರ್ಮನ್ ತಿರುಗಿದಾಗ ಗುಂಡಿ ಅರ್ಧ ಆಗಿತ್ತು. ಅವರು ಗುಂಡಿ ನೋಡಿದರು, ಗುಲಾಬಿ ನೋಡಿದರು, ದತ್ತುವನ್ನು ನೋಡಿದರು. ದತ್ತು ಗುದ್ದಲಿ ನಿಲ್ಲಿಸಿದ. ಇನ್ನು ಕೂಗುತ್ತಾರೆ, ಇಷ್ಟು ಜನರ ಮುಂದೆ ಈ ಹೆಂಗಸಿನ ಮನಸ್ಸು ಮುರಿಯುತ್ತದೆ ಎಂದು ನಾನು ಹೆದರಿದೆ.

ಆಗ ಶಿವಬಸವ್ವನವರು ಮುಂದೆ ಹೋದರು. ಕೈ ಜೋಡಿಸಿ, ಒಂದೊಂದೇ ಪದ ಹುಡುಕಿ, ನಾನು ಎಂದೂ ಕೇಳದ ದನಿಯಲ್ಲಿ ಮರಾಠಿಯಲ್ಲಿ ಹೇಳಿದರು: "ಭಾವುಜಿ, ಹಿಲಾ ಇಥಂ ಬಸೂ ದ್ಯಾ." ಭಾವನವರೇ, ಇದನ್ನು ಇಲ್ಲಿ ಕೂರಲು ಬಿಡಿ ಎಂದು.

ಮಾರ್ತಾಂಡರಾಯರು ಒದ್ದೆ ಮುಖ ಒರೆಸಿಕೊಂಡರು.

"ಕುಂದ್ರಲಿ, ವಹಿನಿ," ಎಂದರು, ಅಪ್ಪಟ ಕನ್ನಡದಲ್ಲಿ. "ಕುಂದ್ರಲಿ."

ಶಿವಬಸವ್ವನವರು ಜೋಡಿಸಿದ ಕೈ ಬಿಡಿಸಿ ಅವರನ್ನೇ ದಿಟ್ಟಿಸಿದರು. "ಈ ಮಾತು ನಿಮಗ ಹ್ಯಾಂಗ ಬಂತು?"

ಚೇರ್ಮನ್ ಮರಾಠಿಯಲ್ಲಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಹೇಳಿದ್ದಿಷ್ಟು. ನಸುಕಿನಲ್ಲಿ ನಿಜಲಿಂಗಪ್ಪನವರು ಮಾರ್ಕೆಟ್ ಯಾರ್ಡಿಗೆ ಹೊರಡುವಾಗ ಬ್ಯಾಡಗಿಯನ್ನು ಅಂಗಳಕ್ಕೆ ಬಿಟ್ಟು ಹೋಗುತ್ತಿದ್ದರಲ್ಲ, ಆ ಹೊತ್ತಿಗೆ ಇವರು ಗುಲಾಬಿಗೆ ನೀರು ಹಾಕಿ ಕಲ್ಲುಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಜೊತೆಗೆ ಚಹಾಕ್ಕೆ ಅದ್ದಿ ತಿನ್ನುವ ಖಾರಿ ಬಿಸ್ಕತ್ತು. ಬಾಲ್ಕನಿಯಿಂದ ಕೇಳಿ ಕೇಳಿ ಕಲಿತದ್ದನ್ನು ಒಂದು ದಿನ ಸುಮ್ಮನೆ ಹೇಳಿ ನೋಡಿದರಂತೆ, "ಬ್ಯಾಡಗಿ, ಕುಂದ್ರು." ಕೂತಿತಂತೆ. ಅಂದಿನಿಂದ ದಿನಾ ಬೆಳಿಗ್ಗೆ ಅವರ ಕಾಲ ಬಳಿ ಕೂತು, ಅರ್ಧ ಖಾರಿ ತಿಂದು ಹೋಗುತ್ತಿತ್ತಂತೆ.

"ಕುಂದರ್ತಿತ್ತೇನು?" ಶಿವಬಸವ್ವನವರ ದನಿ ನಾಲ್ಕನೇ ಮಹಡಿಗೆ ಮುಟ್ಟಿತು. "ನಿಮಗ ಕುಂದರ್ತಿತ್ತೇನು? ನಾ ಬೆಲ್ಲ ಹಾಕಿದೆ, ತುಪ್ಪ ಹಾಕಿದೆ, ಗಂಟಲು ಹರಕೊಂಡೆ. ಎಲಾ ಮಳ್ಳಿ ನಾಯೀ!"

ಚೀಲದ ಕಡೆ ತಿರುಗಿ ಬೈಯಲು ಶುರುಮಾಡಿದವರು ಬೈಗುಳದ ನಡುವೆಯೇ ನಗಲು ತೊಡಗಿದರು. ನಗುತ್ತ ನಗುತ್ತ ಗುಂಡಿಯ ದಡದಲ್ಲಿ ಕುಸಿದು ಕೂತರು. ನನಗೂ ತಡೆಯಲಾಗಲಿಲ್ಲ. ಚೇರ್ಮನ್ ನಕ್ಕರು, ಸೀನಿದರು, ಮತ್ತೆ ನಕ್ಕರು. ಅಷ್ಟು ಸಂತೋಷದ ಮಣ್ಣನ್ನು ನಾನು ಎಲ್ಲೂ ಕಂಡಿಲ್ಲ. ಬ್ಯಾಡಗಿಯನ್ನು ಗುಂಡಿಯಲ್ಲಿ ಕೂರಿಸಿ, ಶಿವಬಸವ್ವನವರು ಬಿಲ್ವಪತ್ರೆ, ವಿಭೂತಿ ಹಾಕಿದರು. ಮಾರ್ತಾಂಡರಾಯರು ಓಡಿಹೋಗಿ ಒಂದು ಖಾರಿ ತಂದು, ಅರ್ಧ ಮುರಿದು ಇಟ್ಟರು. ಮಣ್ಣು ಮುಚ್ಚುವಾಗ ಮಕ್ಕಳೆಲ್ಲ ಒಟ್ಟಿಗೆ "ಬ್ಯಾಡಗಿ, ಸುಮ್ನಿರು" ಎಂದು ಹೇಳಿ ಕಳಿಸಿಕೊಟ್ಟವು.

ಮರುದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಶಿವಬಸವ್ವನವರು ಮೊಣಕಾಲು ಹಿಡಿದುಕೊಂಡು ಅಂಗಳಕ್ಕೆ ಇಳಿದಿದ್ದರು. ಮಡಿಯ ಪಕ್ಕ ಹೊಸ ಮಣ್ಣಿನ ಹತ್ತಿರ ನಿಂತರು. ಬೆಂಚಿನ ಮೇಲೆ ಮಾರ್ತಾಂಡರಾಯರು ಚಹಾ ಕುಡಿಯುತ್ತಿದ್ದರು. ತುಸು ಸರಿದು ಜಾಗ ಮಾಡಿ, "ವಹಿನಿ, ಕುಂದ್ರಿ" ಎಂದರು. ಇವರು ಕೂರಲಿಲ್ಲ. ಸೆರಗು ಎಳೆದುಕೊಂಡು ನಿಂತೇ ಇದ್ದರು. ಅವರು ಖಾರಿಯ ಪೊಟ್ಟಣ ಮುಂದೆ ಚಾಚಿದರು. ಇವರು ಪೊಟ್ಟಣ ನೋಡಿದರು, ಅತ್ತಿತ್ತ ನೋಡಿದರು, ಆಮೇಲೆ ಮೆಲ್ಲಗೆ ಕೂತರು.

ಮೇಲೆ ಬಂದವರು ನನ್ನ ಬಾಗಿಲು ತಟ್ಟಿದರು. ತುಟಿಯ ಮೇಲೆ ಖಾರಿಯ ಪುಡಿ ಇನ್ನೂ ಇತ್ತು.

"ಖಾರಿ ಭಾಳ ಛಲೋ ಇರ್ತಾವ, ಪ್ರಫುಲ್ಲಾ," ಎಂದರು. "ಪಾಪ, ಅದರದೇನೂ ತಪ್ಪಿಲ್ಲ ಬಿಡು."