ವಾರಕ್ಕೊಂದು ಶಾಂತಿ

ಚರ್ಚಿನಲ್ಲಿ ಬಲಿಪೂಜೆಯ ಹೊತ್ತಿಗೆ ಅತ್ತಿತ್ತ ನೋಡಬಾರದು ಎಂದು ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ನನ್ನಿಂದ ಅದು ಆಗಿಲ್ಲ. ಯಾರು ತಡವಾಗಿ ಬಂದರು, ಯಾರ ಸೊಸೆ ಅತ್ತೆಯನ್ನು ಬಿಟ್ಟು ಬೇರೆ ಬೆಂಚಿನಲ್ಲಿ ಕೂತಳು, ಫಾದರರ ಪ್ರಬೋಧನೆ ಉದ್ದವಾದಾಗ ಗಾಯನವೃಂದದಲ್ಲಿ ಯಾರ ತಲೆ ಮೊದಲು ತೂಗಿತು, ಇವೆಲ್ಲ ನನಗೆ ಬೇಕು. ಊರ ಉಸಾಬರಿಯೆಲ್ಲ ನಿನಗ್ಯಾಕೆ ಎಂದು ಬೈದು ಬೈದು ಸುಸ್ತಾದ ನನ್ನ ಗಂಡ ಈಗ ಕಂಬದ ಆಚೆ ಕೂರುತ್ತಾನೆ. ಅಂಥ ನಾನು ಪ್ರತಿ ಭಾನುವಾರ ಕಾದಿದ್ದು ನೋಡುತ್ತಿದ್ದದ್ದು ಒಂದಿತ್ತು. ನನ್ನ ಮುಂದಿನ ಬೆಂಚಿನಲ್ಲಿ ಕಾಜಕ್ಕ ಮತ್ತು ಅವಳ ತಂಗಿ ಒಬ್ಬರಿಗೊಬ್ಬರು ಶಾಂತಿ ಹೇಳುವ ಗಳಿಗೆ ಅದು.

ಕಾಜಕ್ಕ ಮತ್ತು ನಾನು ಒಂದೇ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುವವರು. ನಾನು ಮೆಷಿನ್ ಮೇಲೆ. ಅವಳು ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ತೂರಿಸುವ ಕಾಜಾ ತೆಗೆಯುತ್ತಾಳೆ, ಗುಂಡಿ ಕೂರಿಸುತ್ತಾಳೆ, ಅಂಚು ಮಡಿಚಿ ಕೈಹೊಲಿಗೆ ಹಾಕುತ್ತಾಳೆ. ಮಾತು ಕಡಿಮೆ. ಕೈಯಲ್ಲೇ ನೋಡುವ ಅಭ್ಯಾಸ ಅವಳದು. ಗಿರಾಕಿ ಬಟ್ಟೆ ಬಿಚ್ಚುವ ಮೊದಲೇ ಎರಡು ಬೆರಳಲ್ಲಿ ಅದರ ಮೂಲೆ ಹಿಡಿದು, ಇದು ನೀರಿಗೆ ಹಾಕಿದರೆ ಕುಗ್ಗುತ್ತದೆ ಎಂದುಬಿಡುತ್ತಾಳೆ. ಹತ್ತು ಸಲಕ್ಕೆ ಎರಡು ಸಲ ತಪ್ಪುತ್ತಾಳೆ, ಆದರೆ ತಪ್ಪಾಯಿತೆಂದು ಒಪ್ಪಿಕೊಂಡದ್ದು ನಾನು ನೋಡಿಲ್ಲ. ಒಪ್ಪಿಕೊಳ್ಳುವ ಜಾಯಮಾನ ಆ ಮನೆತನದಲ್ಲೇ ಇಲ್ಲ.

ತಂಗಿ ದೊಡ್ಡ ಬೀದಿಯ ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವವಳು. ಊರಿನ ಮಕ್ಕಳ ಹೆಸರೆಲ್ಲ ಅವಳ ಕೈಯಿಂದ ಒಂದಲ್ಲ ಒಂದು ಸಲ ಹಾದುಹೋಗಿವೆ. ನಗುನಗುತ್ತಾ ಮಾತಾಡುವ ಹೆಣ್ಣು, ಅಕ್ಕನ ಎದುರು ಮಾತ್ರ ಹರಳೆಣ್ಣೆ ಕುಡಿದ ಮುಖ.

ಇಬ್ಬರಿಗೂ ಮಾತು ನಿಂತದ್ದು ತಾಯಿ ತೀರಿಕೊಂಡ ದಿನ. ತಾಯಿಗೆ ಕೈ ನಡುಗುವ ಕಾಯಿಲೆ. ಮೊದಲು ಬಲಗೈಯ ಬೆರಳುಗಳಲ್ಲಿ ಶುರುವಾಗಿ, ವರ್ಷಗಟ್ಟಲೆ ಏರುತ್ತಾ ಹೋಗಿ, ಕೊನೆಗೆ ನುಂಗುವುದಕ್ಕೂ ಆಗದೆ ಹಾಸಿಗೆ ಹಿಡಿದರು. ಸಾಯುವಾಗ ಚಿಕ್ಕ ಮಗಳ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ಉಸಿರು ಏರುಪೇರಾಯಿತು. ತಂಗಿ ಫಾದರನ್ನು ಕರೆಸಿದಳು. ಅವರು ಬಂದು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಕೊನೆಯ ಪ್ರಾರ್ಥನೆ ಹೇಳಿದರು. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಜಪಸರದ ಪ್ರಾರ್ಥನೆ ಮುಗಿಸಿದರು. ಕಾಜಕ್ಕನಿಗೆ ಮಾತ್ರ ಯಾರೂ ಹೇಳಲಿಲ್ಲ. ಅವಳು ಎರಡು ಬೀದಿ ಆಚೆ, ಈ ಅಂಗಡಿಯಲ್ಲಿ, ಯಾರದೋ ಕೋಟಿಗೆ ಗುಂಡಿ ಹಾಕುತ್ತಾ ಕೂತಿದ್ದಳು. ಸಂಜೆ ಎಂದಿನಂತೆ ತಾಯಿಯನ್ನು ನೋಡಲೆಂದು ಅವಳು ಹೋಗಿ ಮುಟ್ಟಿದಾಗ ಆಕೆಯ ಕೈ ತಣ್ಣಗಾಗಿತ್ತು, ನಡುಕವೂ ನಿಂತಿತ್ತು.

"ಅಮ್ಮ ನನ್ನ ಕೈ ಹಿಡ್ಕೊಂಡಿದ್ರು. ಬಿಡಿಸ್ಕೊಂಡು ಏಳೋಕಾಗ್ಲಿಲ್ಲ," ಎಂದು ತಂಗಿ ಅತ್ತಳಂತೆ.

"ಕೈ ಬಿಡಿಸ್ಕೊಳ್ಳೋಕಾಗ್ಲಿಲ್ಲ, ಸರಿ. ಬಾಯಿಗೇನಾಗಿತ್ತು? ಫಾದರಿಗೆ ಹೇಳಿ ಕಳಿಸಿದೋಳಿಗೆ ನನಗೊಂದು ಮಾತು ಹೇಳಿ ಕಳಿಸೋಕಾಗ್ಲಿಲ್ವಾ?" ಎಂದಳಂತೆ ಕಾಜಕ್ಕ. ಅಷ್ಟೇ. ಅಲ್ಲಿಂದ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ.

ಯಾರ ತಪ್ಪು ಎಂದು ನಾನು ಅಂಗಡಿಯಲ್ಲೂ ಬೇಕರಿಯಲ್ಲೂ ಸಾಕಷ್ಟು ಕೆದಕಿ ನೋಡಿದ್ದೇನೆ. ಗಾಬರಿಯಲ್ಲಿ ಮರೆತಳೋ, ಬೇರೆ ಯಾರಾದರೂ ಹೇಳಿರುತ್ತಾರೆ ಅಂದುಕೊಂಡಳೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಗೊತ್ತಾದದ್ದು ಇಷ್ಟು: ಮಾತು ಬಿಟ್ಟರೂ ಇಬ್ಬರೂ ಬೆಂಚು ಬಿಡಲಿಲ್ಲ. ತಾಯಿ ಇದ್ದಾಗ ಆಕೆಯ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕೂರುತ್ತಿದ್ದರು. ತಾಯಿ ಹೋದ ಮೇಲೂ ಹಾಗೇ ಕೂತರು, ನಡುವೆ ತಾಯಿಯ ಜಾಗ ಖಾಲಿ. ಕ್ರಿಸ್ಮಸ್ಸಿಗೆ ಜನ ಕಾಲಿಡಲು ಜಾಗವಿಲ್ಲದಂತೆ ತುಂಬಿದಾಗಲೂ ಅಲ್ಲಿ ಯಾರೂ ಕೂರಲಿಲ್ಲ. ಶನಿವಾರ ಚರ್ಚು ಗುಡಿಸುವ ಸರದಿ ಇಬ್ಬರಿಗೂ ಒಟ್ಟಿಗೇ ಬರುತ್ತಿತ್ತು. ಒಬ್ಬಳು ಪೀಠದ ಕಡೆಯಿಂದ, ಇನ್ನೊಬ್ಬಳು ಬಾಗಿಲ ಕಡೆಯಿಂದ ಗುಡಿಸಿಕೊಂಡು ಬಂದು ನಡುವಿನಲ್ಲಿ ಕಸ ಗುಡ್ಡೆ ಹಾಕಿ ಹೊರಟುಬಿಡುತ್ತಿದ್ದರು. ಅದನ್ನು ಎತ್ತುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಆದರೆ ಭಾನುವಾರ, ಪರಮಪ್ರಸಾದ ಹಂಚುವುದಕ್ಕೆ ಸ್ವಲ್ಪ ಮೊದಲು, ಫಾದರ್ ಪೀಠದ ಹಿಂದಿನಿಂದ "ಒಬ್ಬರಿಗೊಬ್ಬರು ಶಾಂತಿ ಹಾರೈಸಿ" ಅನ್ನುತ್ತಾರಲ್ಲ, ಆಗ ತಪ್ಪಿಸಿಕೊಳ್ಳುವ ಹಾಗಿಲ್ಲ. ಎಲ್ಲರೂ ಪಕ್ಕದವರ ಕೈ ಕುಲುಕುತ್ತಾರೆ. ಇವರಿಬ್ಬರೂ ತಾಯಿಯ ಖಾಲಿ ಜಾಗದ ಮೇಲೆ ಕೈ ಚಾಚುತ್ತಿದ್ದರು. ಮುಖ ಪೀಠದ ಕಡೆಗೇ. "ಶಾಂತಿ," ಎನ್ನುತ್ತಿದ್ದಳು ಅಕ್ಕ. "ಶಾಂತಿ," ಎನ್ನುತ್ತಿದ್ದಳು ತಂಗಿ. ವಾರಕ್ಕೆ ಅದೊಂದೇ ಮಾತು.

ಇದು ಬರೀ ಲೋಕಾಚಾರ ಎಂದು ನಾನು ಬಹಳ ಕಾಲ ನಂಬಿದ್ದೆ. ಒಂದು ಸೋಮವಾರ ಕಾಜಕ್ಕ ದಾರ ಪೋಣಿಸುತ್ತಾ, ಯಾರನ್ನೂ ನೋಡದೆ, "ಬೇಕರೀಲಿ ಒಲೆ ಕೆಲಸಾನೂ ಅವಳ ಕೈಲೇ ಮಾಡಿಸ್ತಾರೆ ಅಂತ ಕಾಣುತ್ತೆ. ಹೆಬ್ಬೆರಳ ಹತ್ರ ಸುಟ್ಕೊಂಡಿದಾಳೆ," ಎಂದಳು. ಇನ್ನೊಂದು ಸಲ, "ಮೈ ಬಿಸಿ ಇತ್ತು. ಮನೇಲಿ ಯಾರೂ ಗಮನಿಸಿರಲ್ಲ," ಎಂದಳು. ಆಗ ನನಗೆ ಹೊಳೆಯಿತು. ಅವಳು ತಂಗಿಯ ಯೋಗಕ್ಷೇಮವನ್ನೆಲ್ಲ ಆ ಒಂದು ಕೈಯಲ್ಲೇ ತಿಳಿದುಕೊಳ್ಳುತ್ತಿದ್ದಳು. ನನಗೆ ಅವಳ ಮೇಲೆ ಕೋಪವೂ ಬಂತು, ಪಾಪ ಅನ್ನಿಸಿತು ಕೂಡ. ಇಷ್ಟು ಅಕ್ಕರೆ ಇಟ್ಟುಕೊಂಡು ಬಾಯಿಗೆ ಬೀಗ ಹಾಕಿಕೊಳ್ಳುವುದು ಯಾವ ಸೀಮೆ ಹಟ?

ಚಳಿ ಶುರುವಾದಾಗಿನ ಒಂದು ಭಾನುವಾರ ಆ ಕೈಗಳು ಎಂದಿನಂತೆ ಬೇಗ ಬೇರೆಯಾಗಲಿಲ್ಲ. ತಂಗಿ ತನ್ನ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟಿದ್ದಳು. ಅಕ್ಕನ ಕಡೆ ಅರ್ಧ ತಿರುಗಿದ ಮುಖದಲ್ಲಿ ತುಟಿ ತೆರೆದಿತ್ತು. ಅಷ್ಟರಲ್ಲಿ ಗಾಯನವೃಂದ ಮುಂದಿನ ಹಾಡು ಎತ್ತಿಕೊಂಡಿತು, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮಾರನೇ ದಿನ ಅಂಗಡಿಯಲ್ಲಿ ಕಾಜಕ್ಕ ಒಂದೇ ಗುಂಡಿಯನ್ನು ಬಿಚ್ಚಿ ಬಿಚ್ಚಿ ಹೊಲಿಯುತ್ತಿದ್ದಳು. ನಾನು ಬಿಡುತ್ತೇನೆಯೇ? ಊಟದ ಹೊತ್ತಿಗೆ ಬಾಯಿ ಬಿಡಿಸಿದೆ.

"ಅವಳ ಕೈ ನಡುಗ್ತಿತ್ತು," ಎಂದಳು.

"ಚಳಿಗೆ ಇರಬೇಕು ಬಿಡಕ್ಕ."

"ಚಳಿ ನಡುಕ ಬೇರೆ. ಇದು ಬೆರಳಲ್ಲಿತ್ತು. ಅಮ್ಮಂದೂ ಹೀಗೇ ಶುರುವಾಗಿದ್ದು." ಅವಳ ಡಬ್ಬಿಯ ಊಟ ಹಾಗೇ ಉಳಿಯಿತು.

ಹೋಗಿ ಕೇಳಬಾರದೇ ಎಂದೆ. ಅದಕ್ಕೆ ಅವಳು ಮುಖ ಗಂಟಿಕ್ಕಿದಳು. "ಅವತ್ತೂ ನಾನೇ ಹೋಗಿ ತಿಳ್ಕೊಂಡೆ. ಇನ್ನೊಂದ್ಸಲ ನಾನೇ ಹೋಗಿ ತಿಳ್ಕೊಬೇಕಾ? ಹೇಳೋದಿದ್ರೆ ಅವಳೇ ಹೇಳ್ಲಿ. ಮುಂದಿನ ವಾರ ಇನ್ನೊಂದ್ಸಲ ಕೈ ನೋಡ್ತೀನಿ."

ಮುಂದಿನ ವಾರ ಕೈ ಸಿಗಲಿಲ್ಲ. ಊರಿಗೆ ಊರೇ ಶೀತ ಜ್ವರದಲ್ಲಿ ಮಲಗಿತ್ತು. ಚರ್ಚಿನೊಳಗೆ ಪ್ರಾರ್ಥನೆಗಿಂತ ಕೆಮ್ಮೇ ಜೋರು. ಫಾದರ್ ಪೂಜೆಯ ಆರಂಭದಲ್ಲೇ ಹೇಳಿಬಿಟ್ಟರು: ಸದ್ಯಕ್ಕೆ ಕೈ ಕುಲುಕುವುದು ಬೇಡ, ಶಾಂತಿಯನ್ನು ಮನಸ್ಸಿನಲ್ಲೇ ಹಾರೈಸಿಕೊಳ್ಳಿ, ಪರಮಪ್ರಸಾದವನ್ನೂ ಎಲ್ಲರೂ ಅಂಗೈಯಲ್ಲೇ ತೆಗೆದುಕೊಳ್ಳಿ. ಆ ಹೊತ್ತು ಬಂದಾಗ ಅವರು ನಿಲ್ಲದೆ ಮುಂದಿನ ಪ್ರಾರ್ಥನೆಗೆ ಹೋದರು. ಕಾಜಕ್ಕ ಅರ್ಧ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಪೂಜೆ ಮುಗಿದ ಮೇಲೆ ಅವಳು ನೇರ ಫಾದರ್ ಹತ್ತಿರ ಹೋದಳು. ನಾನೂ ಹೂದಾನಿ ಎತ್ತಿಡುವ ನೆಪದಲ್ಲಿ ಹಿಂದೆಯೇ ಹೋದೆ.

"ಫಾದರ್, ಶಾಂತಿ ಮತ್ತೆ ಯಾವಾಗ ಶುರು ಮಾಡ್ತೀರಿ?"

"ಈ ಜ್ವರ ಒಂಚೂರು ಇಳೀಲಿ ಅಮ್ಮ. ಶಾಂತಿ ಇರಬೇಕಾದ್ದು ಮನಸ್ಸಲ್ಲಿ ಅಲ್ವಾ?"

"ಮನಸ್ಸಿಗೆ ಕೈ ಇರಲ್ಲ ಫಾದರ್," ಎಂದು ಹೇಳಿ ಬಂದುಬಿಟ್ಟಳು. ಫಾದರ್ ನನ್ನ ಮುಖ ನೋಡಿದರು. ನಾನು ಹೂದಾನಿ ನೋಡಿದೆ.

ಅದಾದ ಮೇಲೆ ಅವಳಿಗೆ ನೆಮ್ಮದಿಯೇ ಇಲ್ಲ. ಎರಡು ಭಾನುವಾರ ಕಳೆದವು. ಹಿಂದಿನಿಂದ ಬಗ್ಗಿ ನೋಡಿದರೆ ತಂಗಿ ಎರಡೂ ಕೈಯನ್ನು ಚೀಲದ ಕೆಳಗೆ ಇಟ್ಟುಕೊಂಡೇ ಕೂರುತ್ತಿದ್ದಳು. ಪರಮಪ್ರಸಾದಕ್ಕೆ ಎಲ್ಲರೂ ಹೋಗಿ ಬಂದ ಮೇಲೆ ಕೊನೆಯಲ್ಲಿ ಹೋಗುತ್ತಿದ್ದಳು, ಅದೂ ಆಚೆ ಬದಿಯ ಸಾಲಿನಲ್ಲಿ. ಕಾಜಕ್ಕ ಕತ್ತು ಹೊರಳಿಸಿ ನೋಡುವ ಹೊತ್ತಿಗೆ ಮುಗಿದಿರುತ್ತಿತ್ತು. ಕೊನೆಗೆ ಒಂದು ದಿನ ಅಂಗಡಿಯಲ್ಲಿ ನನ್ನ ಮೆಷಿನ್ ಪಕ್ಕ ಬಂದು ನಿಂತಳು.

"ನೀನು ಬೇಕರಿಗೆ ಹೋಗಿ ಒಂದು ಕೇಕ್ ತಗೊಂಡ್ಬಾ. ಮೇಲೆ ಹೆಸರು ಬರೆಸು."

"ಯಾರ ಹೆಸರು?"

"ನಿಂದೇ. ಉದ್ದ ಇದೆ."

ಕೇಕು ಬಂತು. ಕಾಜಕ್ಕ ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ, ಒಂದೊಂದು ಅಕ್ಷರವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಲ್ಲೂ ಅಂಕುಡೊಂಕಿಲ್ಲ. ಸುತ್ತುಗಳೆಲ್ಲ ದುಂಡಗೆ, ಒತ್ತುಗಳು ಅಚ್ಚುಕಟ್ಟಾಗಿ ಕೂತಿದ್ದವು. ಅವಳ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. "ಏನೂ ಇಲ್ಲ. ಚಳಿಗೇ ಇರಬೇಕು," ಎಂದು ತಾನೇ ಚಾಕು ತಂದಳು. ನಮ್ಮ ಟೈಲರ್ ಮಾಸ್ಟರ್ ಒಳಗಿನಿಂದ ಬಂದು, ಯಾರದಮ್ಮ ಹುಟ್ಟುಹಬ್ಬ ಎಂದರು. ನನ್ನದೇ ಎಂದೆ. ಹೋದ ತಿಂಗಳು ತಾನೇ ಆಯಿತಲ್ಲ ಎಂದು ಅವರು ಲೆಕ್ಕ ಹಾಕುತ್ತಿರುವಾಗ ಅವರ ಕೈಗೂ ಒಂದು ತುಂಡು ಕೊಟ್ಟು ಬಾಯಿ ಮುಚ್ಚಿಸಿದೆ.

ನಾನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆ ಅಕ್ಷರಗಳಲ್ಲಿ ಅವಳು ನೋಡಿದ್ದು ತಂಗಿಯ ಕೈಯನ್ನು ಎಂದು ಕೇಕಿನ ಗಡಿಬಿಡಿಯಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಕೇಕು ತಿನ್ನುತ್ತಾ, "ಆ ಹೊಸ ಹುಡುಗಿ ಚೆನ್ನಾಗೇ ಬರೀತಾಳೆ, ಅಲ್ವಾ?" ಎಂದೆ.

"ಯಾವ ಹೊಸ ಹುಡುಗಿ?"

"ಇದನ್ನ ಬರೆದೋಳು. ನಿನ್ನ ತಂಗಿ ಈಗ ಬರೆಯೋದಿಲ್ವಂತೆ. ಬಿಲ್ ಕೌಂಟರ್ ಹತ್ರ ಕೂತಿದ್ಲು."

ಕಾಜಕ್ಕ ಬಾಯಿಯವರೆಗೆ ಹೋಗಿದ್ದ ತುಂಡನ್ನು ಪೇಪರಿನ ಮೇಲೆ ಇಟ್ಟಳು. "ಯಾವಾಗಿಂದ?" ಎಂದಳು. ನಾನು ಅದನ್ನು ಕೇಳಿಯೇ ಇರಲಿಲ್ಲ. ಊರಿನ ಸುದ್ದಿಯೆಲ್ಲ ಕೇಳಿಕೊಂಡು ಬರುವ ನಾನು, ಬೇಕಾದ ಒಂದು ಮಾತನ್ನು ಬಿಟ್ಟು ಬಂದಿದ್ದೆ. ಅವಳು ತನ್ನ ಸ್ಟೂಲಿಗೆ ಹೋಗಿ ಕೂತಳು. ಸಂಜೆಯವರೆಗೂ ತಲೆ ಎತ್ತದೆ ಕಾಜಾ ತೆಗೆದಳು.

ಆ ಭಾನುವಾರ ನಾನು ಬೇಗನೆ ಬಂದು ಕೂತೆ. ಪ್ರಭುವಿನ ಪ್ರಾರ್ಥನೆ ಮುಗಿಯಿತು. ಫಾದರ್ ಶಾಂತಿಯನ್ನು ಬಿಟ್ಟು ಮುಂದಕ್ಕೆ ಹೋದರು. ಹಾಡಾಯಿತು, ಎಲ್ಲರೂ ಮೊಣಕಾಲೂರಿದರು. ಆಗ ಕಾಜಕ್ಕ ಮೊಣಕಾಲಿನ ಮೇಲೇ ಸರಿದು ತಾಯಿಯ ಜಾಗಕ್ಕೆ ಬಂದಳು. ಅಷ್ಟು ವರ್ಷ ಯಾರೂ ಕೂರದ ಜಾಗ. ತಂಗಿಯ ಚೀಲ ಪಕ್ಕಕ್ಕೆ ತಳ್ಳಿ ಬಲಗೈ ಹಿಡಿದುಕೊಂಡಳು. ನಾನು ನಾಚಿಕೆ ಬಿಟ್ಟು ಮುಂದಕ್ಕೆ ಬಗ್ಗಿದೆ.

"ಯಾವಾಗಿಂದ?"

"ಬಿಡಕ್ಕ, ಜನ ನೋಡ್ತಾರೆ."

"ನೋಡ್ಲಿ. ಯಾವಾಗಿಂದ ಅಂತ ಕೇಳಿದ್ದು."

"ಚಳಿಗೆ ಸ್ವಲ್ಪ ಮುಂಚಿಂದಾನೇ ಇದೆ."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸ್ದೆ. ಅಮ್ಮಂಗೆ ಇದ್ದದ್ದೇ ಅಂದ್ರು."

ಕಾಜಕ್ಕನ ಬೆನ್ನು ಒಂದು ಸಲ ಅಲುಗಿತು. "ನಿಮ್ಮ ಯಜಮಾನ್ರಿಗೆ ಗೊತ್ತಾ? ಮಕ್ಕಳಿಗೆ?"

"ಯಾರಿಗೂ ಹೇಳಿಲ್ಲ."

"ಯಾಕೆ?"

ತಂಗಿ ಅಕ್ಕನ ಕಡೆ ತಿರುಗಿದಳು. "ಈ ಸಲ ಮೊದಲು ನಿನಗೆ ಹೇಳ್ಬೇಕು ಅಂತಿದ್ದೆ," ಎಂದಳು. "ಅಷ್ಟರಲ್ಲಿ ಫಾದರ್ ಶಾಂತಿ ನಿಲ್ಲಿಸಿಬಿಟ್ರು."

ಕಾಜಕ್ಕ ಏನಾದರೂ ಹೇಳುತ್ತಾಳೆ ಎಂದು ನಾನು ಕಿವಿ ನೆಟ್ಟಗೆ ಮಾಡಿ ಕಾದೆ. ಅವಳು ಸೆರಗಿನಲ್ಲಿ ಮೊದಲು ತಂಗಿಯ ಮುಖ ಒರೆಸಿದಳು, ಆಮೇಲೆ ತನ್ನದು. ಪರಮಪ್ರಸಾದದ ಸಾಲು ಶುರುವಾಗಿತ್ತು. ತಂಗಿ ಎಂದಿನಂತೆ ಕೊನೆಗೆ ಹೋಗೋಣವೆಂದು ಕೂತೇ ಇದ್ದಳು. "ಏಳು," ಎಂದು ಕಾಜಕ್ಕ ಅವಳನ್ನು ಎಬ್ಬಿಸಿ ನಡುಸಾಲಿನಲ್ಲಿ ತನ್ನ ಮುಂದೆ ನಿಲ್ಲಿಸಿಕೊಂಡಳು. ನಾನು ಅವರ ಹಿಂದೆಯೇ ನಿಂತೆ.

ಸರದಿ ಬಂತು. ತಂಗಿ ಎಡ ಅಂಗೈಯ ಕೆಳಗೆ ಬಲಗೈ ಇಟ್ಟು ಚಾಚಿದಳು. ಎರಡೂ ಕೈ ಎಲ್ಲರಿಗೂ ಕಾಣುವಷ್ಟು ನಡುಗುತ್ತಿದ್ದವು. ಫಾದರ್ ಪ್ರಸಾದ ಹಿಡಿದ ಕೈಯನ್ನು ತಡೆದರು, ಎಲ್ಲಿ ಜಾರಿ ಬೀಳುವುದೋ ಎಂದು. ಕಾಜಕ್ಕ ಹಿಂದಿನಿಂದ ಪಕ್ಕಕ್ಕೆ ಬಂದು, ತನ್ನ ಎರಡೂ ಅಂಗೈಗಳನ್ನು ತಂಗಿಯ ಕೈಗಳ ಕೆಳಗೆ ಕೊಟ್ಟು, ಕೆಳಗಿನಿಂದ ಗಟ್ಟಿಯಾಗಿ ಹಿಡಿದಳು. ನಡುಕ ಪೂರ್ತಿ ನಿಲ್ಲಲಿಲ್ಲ, ಆದರೆ ಕೈ ಒಂದು ಕಡೆ ನಿಂತಿತು. ಫಾದರ್ ಪ್ರಸಾದ ಇಟ್ಟರು. ತಂಗಿ "ಆಮೆನ್" ಎಂದು ಅದನ್ನು ಬಾಯಿಗೆ ಇಟ್ಟುಕೊಳ್ಳುವವರೆಗೂ ಕಾಜಕ್ಕ ಕೈ ತೆಗೆಯಲಿಲ್ಲ.