ಮೈಕ್ ಇಲ್ಲದೆ ಆಡಿದ ಮಾತು

ಕಪಾಟಿನ ಮೇಲಿನ ಪೆಟ್ಟಿಗೆಯಲ್ಲಿ ಮೊನ್ನೆ ಹಳದಿ ಬಣ್ಣದ ಇಯರ್‌ಮಫ್ ಸಿಕ್ಕಿತು. ಗೋದಾಮಿನ ಕೆಲಸದವರು ಯಂತ್ರದ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವಂಥದ್ದು. ಒಳಗಿನ ಸ್ಪಂಜು ಪುಡಿಯಾಗಿ ಬೆರಳಿಗೆ ಅಂಟಿತು. ಅದನ್ನು ನಮ್ಮ ಮಗಳಿಗೆ ತಂದುಕೊಟ್ಟವಳು ದುಬೈಯ ಅಲ್ ಕುಸೈಸ್‌ನಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಹುಡುಗಿ...

ಮಂಗಳೂರಿನ ಕೊಂಕಣಿ ಮನೆಯವಳು, ತಾಯಿ ನರ್ಸ್. ಆಟಿಸಂ ಇರುವ ಮಕ್ಕಳಿಗೆ ಶಾಲೆ, ಥೆರಪಿ ಸಿಗುವ ದಾರಿ ಹೇಗೆ ಸುಲಭವಾದೀತು ಎಂಬುದು ಅವಳ ಪಿಎಚ್‌ಡಿ ವಿಷಯ. ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನಿಂದ ಅಬುಧಾಬಿಗೆ ಮಕ್ಕಳನ್ನು ಕರೆತರುವ ತಾಯಂದಿರ ಜೊತೆ ಬಸ್ಸಿನಲ್ಲೇ ಕೂತು ಬರುತ್ತಿದ್ದಳು.

"ಥೆರಪಿ ಎಷ್ಟೊತ್ತು ಅಂತ ಎಲ್ಲರೂ ಕೇಳ್ತಾರೆ ಅಕ್ಕ. ಬಸ್ಸಿಳಿದು ಅಲ್ಲಿಗೆ ಮುಟ್ಟುವಾಗ ಮಗು ಎಂತ ಅವಸ್ಥೆಯಲ್ಲಿರ್ತದೆ ಅಂತ ಒಬ್ರೂ ಕೇಳುದಿಲ್ಲ," ಎನ್ನುತ್ತಿದ್ದಳು.

ಆ ವರ್ಷ ಆಟಿಸಂ ಇರುವ ನಮ್ಮ ಮಗಳಿಗೂ ಯಾವ ಶಾಲೆಯೂ ಸೀಟು ಕೊಟ್ಟಿರಲಿಲ್ಲ. ನಾನು ಅವಳನ್ನು ಕರೆದುಕೊಂಡು ಉಡುಪಿಗೆ ಹೋಗುವುದು, ಗಂಡ ಇಲ್ಲೇ ದುಡಿಯುವುದು ಎಂದು ತೀರ್ಮಾನವಾಗಿತ್ತು. ಇಂಥ ಮಕ್ಕಳಿರುವ ಎಷ್ಟೋ ಮನೆಗಳು ಹೀಗೇ ಎರಡಾಗುತ್ತಿದ್ದವು. ಊರಿನ ಹವೆ ಮಗುವಿಗೆ ಒಳ್ಳೆಯದು ಎಂದು ಹೇಳಿಕೊಳ್ಳುತ್ತಿದ್ದೆವು. ನಾನು ಒಪ್ಪಿದ್ದೆನೇ, ಸುಮ್ಮನಿದ್ದೆನೇ... ಈಗ ಖಚಿತವಾಗಿ ಹೇಳಲಾರೆ.

"ಖಲಾಸ್, ಇನ್ನು ಊರೇ ಗತಿ," ಎಂದರು ಗಂಡ.

"ಊರಲ್ಲಿ ಯಾವ ಥೆರಪಿ ಇಟ್ಟಿದ್ದೀರಿ ಅಣ್ಣ?" ಎಂದಳು ಹುಡುಗಿ. "ಅಲ್ಲಿದ್ರೆ ಮಗು ನಿಮ್ಮ ಕಣ್ಣಿಗೆ ಕಾಣುದಿಲ್ಲ, ಅಷ್ಟೇ ಅಲ್ವಾ?"

ಅವರು ಅವಳ ಜೊತೆ ಮಾತು ಬಿಟ್ಟರು. ಅವಳು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ.

ಆಗಲೇ ಇಲ್ಲಿನ ನಮ್ಮ ಊರಿನವರ ಸಂಘದ ವಾರ್ಷಿಕೋತ್ಸವ ಬಂತು. ಸಂಶೋಧನೆಯ ಬಗ್ಗೆ ನಾಲ್ಕು ಮಾತಾಡಲು ಅವಳನ್ನು ಕರೆದಿದ್ದರು. ನಮ್ಮವರ ಕಾರ್ಯಕ್ರಮವೆಂದರೆ ಮೈಕ್. ಪ್ರಾರ್ಥನೆಯಿಂದ ಹಿಡಿದು ಅಡ್ಡ ನಿಂತ ಕಾರು ತೆಗೆಯಿರಿ ಎನ್ನುವವರೆಗೆ ಎಲ್ಲವೂ ಕಿವಿ ಒಡೆಯುವಂತೆ. ಇಯರ್‌ಮಫ್ ಹಾಕಿಯೂ ಮಗಳು ಬಾಗಿಲಲ್ಲೇ ಚೀರಿದಳು. ಕಾರ್ಯದರ್ಶಿ ಓಡಿಬಂದರು.

"ಮಗುವಿಗೆ ಕಷ್ಟ ಆಗ್ತದಲ್ಲ ಮಾರ್ರೆ, ಹೊರಗೆ ಕೂತ್ಕೊಳ್ಳಿ. ಊಟಕ್ಕೆ ಕರೀತೇನೆ."

"ಕಷ್ಟ ಮೈಕಿನಿಂದ ಸಾರ್," ಎಂದಳು ಹುಡುಗಿ. "ಅದನ್ನು ಹೊರಗೆ ಕೂರಿಸಿ."

"ಎಂತ ತಮಾಷೆ! ಮೈಕ್ ಇಲ್ಲದೆ ಹಿಂದಿನವರಿಗೆ ಕೇಳ್ತದಾ?"

"ಎಲ್ಲರೂ ಮಾತು ನಿಲ್ಸಿದ್ರೆ ಕೇಳ್ತದೆ. ಒಮ್ಮೆ ನೋಡುವ."

ಮೈಕ್ ಆಫ್ ಆಯಿತು. ಅವಳು ವೇದಿಕೆ ಹತ್ತದೆ ಕುರ್ಚಿಗಳ ನಡುವೆ ನಿಂತು ಕೇಳಿದಳು: "ಮಗುವಿಗೆ ಇಲ್ಲಿ ಶಾಲೆ ಸಿಗ್ಲಿಲ್ಲ ಅಂತ ಊರಿಗೆ ಕಳಿಸಿದವರು ಯಾರೆಲ್ಲ ಇದ್ದೀರಿ?"

ಯಾರೂ ಅಲ್ಲಾಡಲಿಲ್ಲ. ಅವಳು ಕಾದಳು. ನಮ್ಮ ಜನ ಅಷ್ಟು ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದರು. ಆಮೇಲೆ ಇನ್ನೊಬ್ಬರು... ನನ್ನ ಗಂಡ ತಿರುಗಿ ತಿರುಗಿ ಅವರ ಮುಖ ನೋಡುತ್ತಿದ್ದರು. ಮಗಳು ಇಯರ್‌ಮಫ್ ಕುತ್ತಿಗೆಗೆ ಇಳಿಸಿಕೊಂಡು ಕುರ್ಚಿಗಳ ನಡುವೆ ತನ್ನ ಪಾಡಿಗೆ ಅಡ್ಡಾಡುತ್ತಿದ್ದಳು.

ಮನೆಗೆ ಮರಳುವಾಗ ಕಾರಿನಲ್ಲಿ ಗಂಡ, "ಊರಿಗೆ ಟಿಕೆಟ್ ಮಾಡುದಿಲ್ಲ," ಎಂದರು. ಹುಡುಗಿಯನ್ನು ಮುಂದಿಟ್ಟುಕೊಂಡು ಬಾಗಿಲು ಬಾಗಿಲು ತಟ್ಟಿ, ಕೊನೆಗೆ ಒಂದು ಸಣ್ಣ ಕೇಂದ್ರದಲ್ಲಿ ಮಗಳಿಗೆ ಜಾಗ ಹಿಡಿದೆವು.

ಅವತ್ತು ಮೈಕ್ ತಾನಾಗಿ ಕೆಟ್ಟಿತ್ತು ಎನ್ನುತ್ತಾರೆ ಗಂಡ ಈಗ. ಇರಬಹುದು. ಪ್ರೀತಿಯವರ ಬಾಯಿಗೆ ಒಂದೆರಡು ಒಳ್ಳೆಯ ಮಾತು ಸೇರಿಸುವ ಚಾಳಿ ನನ್ನ ನೆನಪಿಗಿದೆ. ಆದರೆ ಆ ಮೌನವನ್ನು ನಾನು ಸೇರಿಸಿಲ್ಲ.

ಹುಡುಗಿಯ ತಾಯಿಯ ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆದಾಗ ಇಬ್ಬರೂ ಮಂಗಳೂರಿಗೆ ಮರಳಿದರು. ಪಿಎಚ್‌ಡಿ ಮುಗಿಯಿತೋ ಇಲ್ಲವೋ ತಿಳಿಯುವ ಮುಂಚೆ ಅವಳ ಸಾವಿನ ಸುದ್ದಿ ಬಂತು. ಜ್ವರವಂತೆ... ಅದಕ್ಕಿಂತ ಹೆಚ್ಚು ಕೇಳಲು ನನಗಾಗಲಿಲ್ಲ.

ಕಳೆದ ವಾರ ಒಂದು ಮದುವೆಗೆ ಹೋಗಿದ್ದೆವು. ಮಗಳು ಈಗ ನನಗಿಂತ ಎತ್ತರ. ವೇದಿಕೆಯಿಂದ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದದ್ದೇ ತಡ, ಎದ್ದು ನಿಂತು, "ಆಫ್ ಪ್ಲೀಸ್," ಎಂದಳು. ಜನ ತಿರುಗಿ ನೋಡಿದರು. ಕೂತ್ಕೋ ಎಂದು ನಾನು ಹೇಳಲಿಲ್ಲ. ಗಂಡ ಎದ್ದು ವೇದಿಕೆಯ ಕಡೆಗೆ ನಡೆದರು.